ಒತ್ತೆಗೆ ಕೂತ ಎಲ್ಲೆಗಳು

ಆ ಊರಿನ ಹೆಸರು ಕೇಳಬೇಡಿ. ಹೇಳಿದರೆ ಹೋಗಿ ನೋಡೋಣ ಅನಿಸುತ್ತದೆ, ನೋಡಿದರೆ ಒಂದು ಅರ್ಜಿ ಹಾಕೋಣ ಅನಿಸುತ್ತದೆ, ಅರ್ಜಿ ಹಾಕಿದವರ ಗಡ್ಡ ಮೊಣಕಾಲು ಮುಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಂಗಸರಿಗೂ ಬಂದಿತ್ತು ಎಂದರೆ ನೀವು ನಂಬುವುದಿಲ್ಲ. ಅದಕ್ಕೇ ಅದನ್ನು ಹೇಳುವುದಿಲ್ಲ.

ಮೇಲೆ ಬೆಟ್ಟ. ಕೆಳಗೆ ಪೇಟೆ. ಪೇಟೆಯ ನಡುವೆ ಸಾಲದ ಮನೆ. ಸಾಲದ ಮನೆಯ ಎದುರು ನನ್ನ ಬೊಂಡದ ಬಾಣಲೆ. ಒಳಗೆ ಹೋದವರು ಬೇಗ ಹೊರಗೆ ಬಂದರೆ ನನಗೆ ನಷ್ಟ, ತಡವಾದರೆ ಲಾಭ. ನಾನು ಯಾವತ್ತೂ ನಷ್ಟ ಕಂಡವನಲ್ಲ. ಇಷ್ಟು ಹೇಳಿದರೆ ಸಾಲದ ಮನೆ ಎಂಥದೆಂದು ನಿಮಗೆ ತಿಳಿದೀತು.

ಅಲ್ಲಿ ದುಡ್ಡು ಕೊಡುತ್ತಿರಲಿಲ್ಲ. ಮನೆ ಕಟ್ಟಬೇಕೆಂದವರಿಗೆ ಮನೆಯ ತುಂಡು ಕೊಡುತ್ತಿದ್ದರು. ಕೆಲವರಿಗೆ ತೊಲೆ, ಕೆಲವರಿಗೆ ಕಂಬ, ಕೆಲವರಿಗೆ ಹೊಸ್ತಿಲು, ಅದೃಷ್ಟ ಇದ್ದವರಿಗೆ ಮಾಡಿನ ಹೆಂಚು. ಕೊಟ್ಟದ್ದಕ್ಕೆ ಒತ್ತೆ ಇಡಬೇಕು. ಇಟ್ಟ ಒತ್ತೆ ಸಾಲ ತೀರುವವರೆಗೆ ಸಾಲದ ಮನೆಯೊಳಗೇ, ಒತ್ತೆಯ ಕೋಣೆಯಲ್ಲೇ, ಕದಲದೆ ಇರಬೇಕು. ಅದೇ ಕಟ್ಟಳೆ. ಬಂಗಾರ ಇಟ್ಟವರು ಬಂಗಾರ ಬಿಟ್ಟು ಹೋಗುತ್ತಿದ್ದರು. ಎತ್ತು ಇಟ್ಟವರು ಎತ್ತು ಕಟ್ಟಿ ಹೋಗುತ್ತಿದ್ದರು. ಹೊಲ ಇಟ್ಟವರು? ಹೊಲದ ನಾಲ್ಕು ಮೂಲೆಯ ಎಲ್ಲೆಗಲ್ಲು ಕಿತ್ತು, ಗಾಡಿಗೆ ಹೇರಿಕೊಂಡು ಬಂದು, ಒತ್ತೆಯ ಕೋಣೆಗೆ ಉರುಳಿಸುತ್ತಿದ್ದರು. ಎಲ್ಲೆಯೇ ಇಲ್ಲಿಗೆ ಬಂದ ಮೇಲೆ ಹೊಲ ಎಲ್ಲಿಗೆ ಓಡಿಹೋದೀತು? ಕೋಣೆಯ ತುಂಬ ಕಲ್ಲು. ಹೊರಗೆ ಬಯಲಿನ ತುಂಬ ಎಲ್ಲೆಯಿಲ್ಲದ ಹೊಲ, ಹೊಲದ ತುಂಬ ಜಗಳ. ಜಗಳ ಆಡುವವರಿಗೂ ಹಸಿವಾಗುತ್ತದೆ ಎನ್ನುವುದು ದೇವರು ನನ್ನ ಮೇಲಿಟ್ಟ ಕರುಣೆ.

ಸಾಲದ ಮನೆಯ ಮುಖ್ಯಸ್ಥರನ್ನು ನಾವು ದೊಡ್ಡಕುರ್ಚಿಯವರು ಎನ್ನುತ್ತಿದ್ದೆವು. ಕುರ್ಚಿ ದೊಡ್ಡದು, ಅವರು ಸಾಧಾರಣ. ಅವರು ಎದ್ದದ್ದನ್ನು ಕಂಡವರಿಲ್ಲ. ಕುರ್ಚಿಯ ಕಾಲು ನೆಲದಲ್ಲಿ ಬೇರು ಬಿಟ್ಟಿತ್ತು. ಮಳೆಗಾಲದಲ್ಲಿ ಒಂದೆರಡು ಎಲೆ ಚಿಗುರುತ್ತಿತ್ತು, ಗುಮಾಸ್ತ ಅದನ್ನು ಕತ್ತರಿಸುತ್ತಿದ್ದ. ಬೆಳಿಗ್ಗೆ ಕಿಟಕಿ ತೆಗೆಯುವ ಮುಂಚೆ ಅವರು ಕಣ್ಣು ಮುಚ್ಚಿ ಮಂತ್ರದ ಹಾಗೆ ಒಂದು ಮಾತು ಹೇಳುತ್ತಿದ್ದರು: “ಕಿತ್ತುಕೊಳ್ಳಲಾಗದ್ದಕ್ಕೆ ಕೊಡಲಾಗದು.” ಆಮೇಲೆ ಕಿಟಕಿ ತೆರೆಯುತ್ತಿತ್ತು.

ಬೆಟ್ಟದ ಕಟ್ಟಳೆ ಬೇರೆ. ಬೆಟ್ಟದಲ್ಲಿ ಕಲ್ಲಿಗೆ ಬರವಿಲ್ಲ, ಆದರೆ ಎಲ್ಲೆಗಲ್ಲು ಒಂದೂ ಇಲ್ಲ. ನೆಲ ಬೆಟ್ಟದ್ದು, ಜನ ಅದರ ಮೇಲೆ ಇರುವವರು, ಅಷ್ಟೆ. ಮಾರುವ ಹಾಗಿಲ್ಲ, ಕೊಳ್ಳುವ ಹಾಗಿಲ್ಲ. ಹಾಗಾದರೆ ಯಾರ ಜಾಗ ಎಲ್ಲಿಗೆ ಮುಗಿಯುತ್ತದೆ? ನೀವು ನಿಮ್ಮ ಒಲೆಯ ಹತ್ತಿರ ನಿಂತು ಮೂಡಲಿಗೆ ಮುಖ ಮಾಡಿ ಕೂಗುತ್ತೀರಿ. ಮೂಡಲ ಕಡೆಯವರು ಎಲ್ಲಿ ನಿಂತು ‘ಓ’ ಎನ್ನುತ್ತಾರೋ ಅಲ್ಲಿಗೆ ನಿಮ್ಮದು ಮುಗಿಯಿತು, ಅವರದು ಶುರುವಾಯಿತು. ಹಾಗೇ ಪಡುವಲು, ಹಾಗೇ ತೆಂಕಲು, ಹಾಗೇ ಬಡಗಲು. ಓಗೊಟ್ಟವರೇ ಎಲ್ಲೆ. ಕಲ್ಲು ಓಗೊಡುವುದಿಲ್ಲವಲ್ಲ, ಅದಕ್ಕೇ ಅವರು ಕಲ್ಲನ್ನು ನಂಬುವುದಿಲ್ಲ.

ಒಮ್ಮೆ ಓ ಅಂದವರು ಆಮೇಲೆ ಇಲ್ಲ ಅನ್ನುವ ಹಾಗಿಲ್ಲ. ಬರಿ ಓ ಅಂದು ಕೂರುವ ಹಾಗೂ ಇಲ್ಲ. ಮನೆ ಏಳುವಾಗ ಯಾವ ದಿಕ್ಕಿನ ಎಲ್ಲೆಯೋ ಆ ದಿಕ್ಕಿನ ಗೋಡೆ ಅವರದು. ಮಣ್ಣು ಕಲಸಿ, ಮೆತ್ತಿ, ನಿಲ್ಲಿಸಿ ಹೋಗಬೇಕು. ನಾಲ್ಕು ಎಲ್ಲೆ, ನಾಲ್ಕು ಗೋಡೆ. ಮಾಡು ಮಾತ್ರ ಕಾಡಿನದು, ಬಿದಿರು ಮತ್ತು ಹುಲ್ಲು. ಈಗ ಕಾಡಿಗೆ ಕಾವಲು ಬಂದಿತ್ತು. ಒಂದು ಬಿದಿರು ಕಡಿದರೆ ನಿಮ್ಮದೊಂದು ಬೆರಳು ಎಂದು ಕಾವಲಿನವರು ಹೇಳಿಬಿಟ್ಟಿದ್ದರು. ಹಾಗಾಗಿ ಬೆಟ್ಟದಲ್ಲಿ ಹೊಸ ಗೋಡೆ ಏಳುವುದು, ಮಾಡಿಲ್ಲದೆ ಕರಗುವುದು, ಮತ್ತೆ ಏಳುವುದು, ಮತ್ತೆ ಕರಗುವುದು.

ಅಲ್ಲಿ ಒಬ್ಬಳಿದ್ದಳು, ಕೆಂಡದವಳು. ಆನೆಯೊಂದು ಬಂದು ಅವಳ ಮನೆಗೆ ಬೆನ್ನು ಕೆರೆದುಕೊಂಡಿತು. ಆನೆಗೆ ಹಾಯೆನಿಸಿತು, ಮನೆ ಮಲಗಿತು. ಅವಳು ಒಲೆಯ ಕೆಂಡವನ್ನು ಒಂದು ಮಡಕೆಗೆ ತುಂಬಿಕೊಂಡು, ಮೇಲೆ ಬೂದಿ ಮುಚ್ಚಿಕೊಂಡು, ಇವತ್ತು ಒಬ್ಬರ ಜಗಲಿ ನಾಳೆ ಇನ್ನೊಬ್ಬರ ಜಗಲಿ ಎಂದು ತಿರುಗುತ್ತಿದ್ದಳು. ಕೆಂಡ ಆರಿರಲಿಲ್ಲ. ಆದರೆ ಬೆಟ್ಟದಲ್ಲಿ ಇನ್ನೊಂದು ಮಾತಿದೆ. ಮಳೆಗಾಲದಲ್ಲಿ ನಾಲ್ಕು ಎಲ್ಲೆಗಳ ನಡುವೆ ಒಂದು ದಿನ ಒಲೆ ಹೊಗೆಯಾಡದಿದ್ದರೂ ಆ ಜಾಗವನ್ನು ಬೆಟ್ಟ ಹಿಂದಕ್ಕೆ ತಗೊಳ್ಳುತ್ತದೆ. ಆಮೇಲೆ ಅಲ್ಲಿ ನಿಂತು ಎಷ್ಟು ಕೂಗಿದರೂ ಯಾರೂ ಓ ಅನ್ನುವುದಿಲ್ಲ. ಕೇಳಿಸಿದರೂ ಅನ್ನುವ ಹಾಗಿಲ್ಲ. ಅವಳ ಅವ್ವ, ಅವ್ವನ ಅವ್ವ ನಿಂತು ಕೂಗಿದ ಜಾಗ ಅದು. ಓಗೊಡುವವರಿಲ್ಲದವರು ಬೆಟ್ಟ ಇಳಿದು, ಬಯಲಲ್ಲಿ ಯಾರದೋ ತೋಟದ ಕೂಲಿಗೆ ಸೇರಿ, ಹೆಸರಿಲ್ಲದೆ ಕರಗಿಹೋಗುತ್ತಾರೆ. ಹಾಗೆ ಹೋದವರನ್ನು ಅವಳು ಕಂಡಿದ್ದಳು. ಮಳೆಗೆ ಮುಂಚೆ ಅವಳಿಗೊಂದು ಮಾಡು ಬೇಕಿತ್ತು.

ಕೆಂಡದ ಮಡಕೆಯನ್ನು ಕಂಕುಳಲ್ಲಿಟ್ಟುಕೊಂಡು ಸಾಲದ ಮನೆಯ ಕಿಟಕಿಗೆ ಬಂದಳು.

ನೆಲ ಯಾರದು ಎಂದು ದೊಡ್ಡಕುರ್ಚಿಯವರು ಕೇಳಿದರು. ಬೆಟ್ಟದ್ದು ಎಂದಳು. ಬೆಟ್ಟ ಯಾರದು ಎಂದರು. ಬೆಟ್ಟದ್ದೇ ಎಂದಳು. ಹಾಗಾದರೆ ಬೆಟ್ಟವೇ ಬಂದು ಅರ್ಜಿ ಹಾಕಲಿ, ನೀನು ಯಾಕೆ ಬಂದೆ ಎಂದರು. ಅವಳು ಹೊರಗೆ ಬಂದು ಒಂದು ಬೊಂಡ ತಿಂದು ಬೆಟ್ಟ ಹತ್ತಿದಳು.

ಮತ್ತೆ ಇಳಿದಳು. ಬೆಟ್ಟ ಬರುವುದಿಲ್ಲವಂತೆ ಎಂದಳು. ಹಾಗಾದರೆ ಬೆಟ್ಟದವರೆಲ್ಲ ಬಂದು ಈ ಜಾಗ ಇವಳದು ಎನ್ನಲಿ ಎಂದರು. ಎಲ್ಲರೂ ಬಂದರು. ಸಾಲು ನನ್ನ ಬಾಣಲೆ ದಾಟಿ ಸಂತೆಮಾಳದವರೆಗೆ ನಿಂತಿತು. ನನ್ನ ಬಾಳಿನ ಪರಮ ಪವಿತ್ರ ದಿನ ಅದು. ಎಲ್ಲರೂ ಇಲ್ಲಿದ್ದರೆ ಈಗ ಬೆಟ್ಟದಲ್ಲಿ ಯಾರಿದ್ದಾರೆ ಎಂದು ದೊಡ್ಡಕುರ್ಚಿಯವರು ಕೇಳಿದರು. ಯಾರೂ ಇಲ್ಲ ಎಂದರು. ಹಾಗಾದರೆ ಅದು ಖಾಲಿ ಬೆಟ್ಟ, ಖಾಲಿ ಬೆಟ್ಟಕ್ಕೆ ಸಾಲವಿಲ್ಲ ಎಂದು ಕಿಟಕಿ ಹಾಕಿಸಿದರು. ಎಲ್ಲರೂ ಬೆಟ್ಟ ಹತ್ತಿದರು.

ಮತ್ತೆ ಇಳಿದಳು. ಈ ಸಲ ದೊಡ್ಡಕುರ್ಚಿಯವರು ಬೇರೆ ದಾರಿ ಹಿಡಿದರು. ಸಾಲ ತೀರಿಸದಿದ್ದರೆ ಜಾಗ ನಮ್ಮದು ಎಂದು ಒಪ್ಪುತ್ತೀಯಾ ಎಂದರು. ಒಪ್ಪುತ್ತೇನೆ ಎಂದಳು. ಅವರ ಮುಖ ಒಂದು ಗಳಿಗೆ ಬೆಳಗಿತು. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿರಬಾರದೆ ಅವಳು?

“ತಗಳಿ ಬುದ್ಧಿ,” ಅಂದಳು. “ಆದ್ರೆ ನೀವು ಅಲ್ಲಿ ನಿಂತು ಕೂಗಿದ್ರೆ ಓ ಅನ್ನೋರು ಯಾರು?”

ಅವರು ಹಣೆ ಒತ್ತಿಕೊಂಡರು. “ಕಿತ್ತುಕೊಳ್ಳಲಾಗದ್ದಕ್ಕೆ...” ಎಂದು ಶುರು ಮಾಡಿದರು.

“ಕೊಡಲಾಗದು,” ಎಂದು ಅವಳೇ ಮುಗಿಸಿದಳು. “ಬಾಯಿಪಾಠ ಆಗೋಯ್ತು ಬುದ್ಧಿ. ಮಾಡು?”

ಅವರಿಗೆ ರೇಗಿತು. ರೇಗಿದ ಮನುಷ್ಯ ಬಾಗಿಲು ತೋರಿಸಬೇಕು, ಅವರು ದಾರಿ ತೋರಿಸಿಬಿಟ್ಟರು. ಹೋಗು, ನಿನ್ನ ಜಾಗದ ನಾಲ್ಕು ಎಲ್ಲೆ ತಂದು ಒತ್ತೆಯ ಕೋಣೆಯಲ್ಲಿಡು, ಆಮೇಲೆ ನೋಡೋಣ ಎಂದರು. ಬೆಟ್ಟದಲ್ಲಿ ಎಲ್ಲೆಗಲ್ಲು ಇಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಇನ್ನು ಈ ಕಡೆ ತಲೆ ಹಾಕಬೇಡ ಎನ್ನುವುದನ್ನು ಮರ್ಯಾದೆಯಾಗಿ ಹಾಗೆ ಹೇಳುತ್ತಾರೆ.

ಅವಳು ನನ್ನ ಬಾಣಲೆಯ ಹತ್ತಿರ ಬಂದು ನಿಂತಳು. ಮುಖದ ತುಂಬ ಚಿಂತೆ.

“ಅಣ್ಣ, ಎಲ್ಲೆಗಳ್ನ ತಕ್ಕೊಂಡು ಬಾ ಅಂದ್ರು. ಸಾಲ ತೀರೋಗಂಟ ಇಲ್ಲೇ ಇರ್ಬೇಕಂತೆ. ನಿಜವಾ?”

ನಿಜ, ಅದೇ ಕಟ್ಟಳೆ ಎಂದೆ.

“ಮೂಡಲಜ್ಜಿ ಮೇಕೆ ಬಿಟ್ಟು ಬತ್ತಾಳಾ?”

ಅವಳು ಏನು ತಿಳಿದುಕೊಂಡಿದ್ದಾಳೆಂದು ನನಗೆ ಆಗ ಅರ್ಥವಾಯಿತು. ಅವರು ಕೇಳಿದ್ದು ಕಲ್ಲು ಕಣವ್ವಾ ಎನ್ನಬಹುದಿತ್ತು. ಆದರೆ ಎಣ್ಣೆ ಕಾದಿತ್ತು, ಹಿಟ್ಟು ಕೈಗಂಟಿತ್ತು. ಅಂಥ ಹೊತ್ತಲ್ಲಿ ನಾನು ಯಾರನ್ನೂ ತಿದ್ದುವುದಿಲ್ಲ. ಬಂದಾಳು, ಕೇಳಿ ನೋಡು ಎಂದೆ.

ಬಂದಳು. ನಾಲ್ವರೂ ಬಂದರು. ಮುಂದೆ ಮೂಡಲಜ್ಜಿ, ಕುಳ್ಳಿ, ಊರುಗೋಲು ಅವಳಿಗಿಂತ ಎತ್ತರ. ಹಿಂದೆ ಪಡುವಲ ಮಾವ ಮತ್ತು ತೆಂಕಲ ಅತ್ತಿಗೆ. ಇವರಿಬ್ಬರೂ ಒಂದು ಹಲಸಿನ ಮರದ ವಿಷಯದಲ್ಲಿ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಕೊನೆಯಲ್ಲಿ ಬಡಗಲವನು. ಅವನು ಹುಟ್ಟಿದಾಗಿನಿಂದ ‘ಓ’ ಎನ್ನುವುದೊಂದು ಬಿಟ್ಟರೆ ಬೇರೆ ಮಾತು ಆಡಿದವನಲ್ಲ ಎಂದು ಹೇಳುತ್ತಾರೆ. ನಾನೇ ಹೇಳುತ್ತೇನೆ.

“ಯಾರಿವರು?” ಎಂದರು ದೊಡ್ಡಕುರ್ಚಿಯವರು.

“ಎಲ್ಲೆಗಳು ಬುದ್ಧಿ. ನೀವು ಕೇಳಿದ್ರಲ್ಲ.”

ಗುಮಾಸ್ತ ಕಟ್ಟಳೆಗಳನ್ನೆಲ್ಲ ಬಾಯಲ್ಲೇ ಹೇಳುತ್ತಾ ಹೋದ. ಎಲ್ಲೆ ಕಲ್ಲಿನದೇ ಆಗಿರಬೇಕು ಎಂದು ಎಲ್ಲೂ ಬರಲಿಲ್ಲ. ಬಂದದ್ದು ಇಷ್ಟೇ: ಎಲ್ಲೆ ಕದಲಬಾರದು. ದೊಡ್ಡಕುರ್ಚಿಯವರಿಗೆ ಒಂದು ಆಸೆ ಚಿಗುರಿತು. ಅಜ್ಜಿಯ ಕಡೆ ತಿರುಗಿ, ನೀವು ಕದಲುವವರು ತಾನೆ, ಈಗ ನಡೆದುಕೊಂಡೇ ಬಂದಿರಲ್ಲ ಎಂದರು.

“ಹುಟ್ಟಿದಾಗಿಂದ ಒಂದೇ ಜಾಗದಲ್ಲಿವ್ನಿ ಕೂಸೆ,” ಅಂದಳು ಮೂಡಲಜ್ಜಿ. “ಕದಲ್ಸಿದ್ದು ನೀನು.”

ಬಾಯಾರೆ ಕೇಳಿದ ಒತ್ತೆಯನ್ನು ತಂದುಕೊಟ್ಟ ಮೇಲೆ ಬೇಡ ಎನ್ನುವ ಹಾಗಿಲ್ಲ, ಅದೂ ಕಟ್ಟಳೆಯೇ. ಅವರು ಹಲ್ಲು ಕಚ್ಚಿಕೊಂಡು ಅಳತೆಯವನನ್ನು ಕರೆಸಿದರು. ಅಳತೆಯವನಿಗೆ ಬೆಟ್ಟ ಹತ್ತುವುದೆಂದರೆ ಮಂಡಿನೋವು. ಎಲ್ಲೆಗಳು ಇಲ್ಲೇ ಇರುವಾಗ ನೆಲ ಅಳೆಯಲು ಅಷ್ಟು ದೂರ ಯಾಕೆ ಹೋಗಬೇಕು ಎಂದ. ಕಾಯುವವರ ಬೆಂಚಿನ ಆ ತುದಿಗೆ ಮೂಡಲಜ್ಜಿಯನ್ನು, ಈ ತುದಿಗೆ ಪಡುವಲ ಮಾವನನ್ನು ಕೂರಿಸಿದ. ಮುಂದೆ ತೆಂಕಲ ಅತ್ತಿಗೆ, ಹಿಂದೆ ಬಡಗಲವನು. ಸರಪಳಿ ಹಿಡಿದು ಅಳೆದ. ಬೆಂಚಿನಷ್ಟು ಉದ್ದ, ಮೊಳದಷ್ಟು ಅಗಲ. ಅಷ್ಟು ನೆಲಕ್ಕೆ ಎಷ್ಟು ಸಾಲವೋ ಅಷ್ಟು ಮಂಜೂರಾಯಿತು. ಒಂದು ಬಾಗಿಲು, ಚೌಕಟ್ಟು ಸಮೇತ.

ಮಾಡು ಕೇಳಿದವಳಿಗೆ ಬಾಗಿಲು. ಮಾಡಿಲ್ಲದ ಮನೆಗೆ ಬಾಗಿಲು ಯಾಕೆ ಎಂದು ಅವಳು ಕೇಳಿದಳು. ಬಾಗಿಲು ಹಾಕಿಕೊಂಡರೆ ಮಳೆ ಒಳಗೆ ಬರುವುದಿಲ್ಲ ಎಂದ ಅಳತೆಯವ. ಅದನ್ನು ಕೇಳಿದ ಮೇಲೆ ನಾನು ಒಂದು ವಾರ ಸುಳ್ಳು ಹೇಳಲಿಲ್ಲ. ಹೇಳಿದರೆ ಸಪ್ಪೆಯಾಗುತ್ತಿತ್ತು.

ಎಲ್ಲೆಗಳನ್ನು ಒತ್ತೆಯ ಕೋಣೆಗೆ ಕರೆದೊಯ್ದರು. ದೊಡ್ಡಕುರ್ಚಿಯ ಬೆನ್ನ ಹಿಂದಿನ ಗೋಡೆಯ ಆಚೆಗೇ ಆ ಕೋಣೆ. ಮಣಿಕಟ್ಟಿಗೆ ಚೀಟಿ ಕಟ್ಟಿ ಕಲ್ಲುಗಳ ನಡುವೆ ಒಂದೇ ಸಾಲಾಗಿ ಕೂರಿ ಎಂದ ಗುಮಾಸ್ತ. ಮೂಡಲಜ್ಜಿ ಒಪ್ಪಲಿಲ್ಲ. ನಾನು ಮೂಡಲ ಗೋಡೆಗೇ ಒರಗಬೇಕು, ಇಲ್ಲದಿದ್ದರೆ ನೆಲ ತಿರುಗಿಬಿಡುತ್ತದೆ ಎಂದು ಹೋಗಿ ಒರಗಿದಳು. ಅದು ದೊಡ್ಡಕುರ್ಚಿಯ ಬೆನ್ನ ಗೋಡೆ. ಉಳಿದವರು ಉಳಿದ ಮೂರು ಗೋಡೆ ಹಿಡಿದರು. ಒತ್ತೆಯ ವಸ್ತು ಸವೆಯಬಾರದು ಎನ್ನುವುದು ಇನ್ನೊಂದು ಕಟ್ಟಳೆಯಾದ್ದರಿಂದ ಹೊತ್ತುಹೊತ್ತಿಗೆ ಬೊಂಡ ಒಯ್ಯುವ ಕೆಲಸ ನನ್ನ ಪ್ರಾರ್ಥನೆಯಿಲ್ಲದೆಯೇ ನನಗೆ ಬಂತು. ಅಜ್ಜಿ ಕಚ್ಚಿ ನೋಡಿ, ಉಪ್ಪು ಕಮ್ಮಿ ಅಂದಳು. ನಾನು ಎಷ್ಟು ಹಾಕಿದರೂ ಅಷ್ಟೇ ಅನ್ನುತ್ತಿದ್ದಳು.

ಅತ್ತ ಕೆಂಡದವಳು ಬಾಗಿಲು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತಿದಳು. ಇರಲಿ, ಮೊದಲು ಬಾಗಿಲಾದರೂ ನಿಲ್ಲಲಿ ಎಂದುಕೊಂಡು ತನ್ನ ಜಾಗದಲ್ಲಿ ನಿಂತಳು. ಏನೇ ನೆಡುವ ಮುಂಚೆ ಕೂಗಿ ಓ ಅನ್ನಿಸಿಕೊಳ್ಳಬೇಕು. ಮೂಡಲಿಗೆ ಕೂಗಿದಳು. ಓ ಬರಲಿಲ್ಲ. ಪಡುವಲಿಗೆ ಕೂಗಿದಳು. ಓ ಬರಲಿಲ್ಲ. ತೆಂಕಲಿಗೆ, ಬಡಗಲಿಗೆ. ಮೇಕೆಯೊಂದು ಅರಚಿತು, ಮೇಕೆ ಲೆಕ್ಕಕ್ಕಿಲ್ಲ. ಎಲ್ಲೆಗಳು ಬೆಟ್ಟದಲ್ಲಿದ್ದರಲ್ಲವೇ ಓ ಅನ್ನುವುದು?

ಓ ಬರದಿದ್ದರೆ ಏನು ಮಾಡಬೇಕೆಂಬುದಕ್ಕೂ ಬೆಟ್ಟದಲ್ಲಿ ಮಾತಿದೆ. ಓ ಬರಲಿಲ್ಲವೆಂದರೆ ಜಾಗ ಇನ್ನೂ ಮುಗಿದಿಲ್ಲ. ಮುಂದೆ ಹೋಗಿ ಮತ್ತೆ ಕೂಗಬೇಕು. ಅವಳು ಬೆನ್ನಿಗೆ ಬಾಗಿಲು, ಕಂಕುಳಿಗೆ ಕೆಂಡ, ಮುಂದೆ ಹೋಗಿ ಕೂಗಿದಳು. ಓ ಬರಲಿಲ್ಲ. ಮುಂದೆ ಹೋಗಿ ಕೂಗಿದಳು. ಬಿದಿರು ಮೆಳೆಯಲ್ಲಿ ಕೂಗಿದಳು. ಕಾವಲಿನವರು ಓ ಅನ್ನಲಿಲ್ಲ. ಬಯಲಿಗಿಳಿದು ಎಲ್ಲೆಗಲ್ಲಿಲ್ಲದ ಹೊಲಗಳ ನಡುವೆ ಕೂಗಿದಳು. ಜಗಳದವರು ತಲೆಯೆತ್ತಿ ನೋಡಿದರು, ಓ ಅಂದರೆ ಏನನ್ನೋ ಒಪ್ಪಿಕೊಂಡ ಹಾಗಾದೀತೆಂದು ಸುಮ್ಮನಾದರು. ಸಂತೆಮಾಳದಲ್ಲಿ ಕೂಗಿದಳು. ನನ್ನ ಬಾಣಲೆಯ ಮುಂದೆ ನಿಂತು ಕೂಗಿದಳು. ಓ ನನ್ನ ಗಂಟಲಿನವರೆಗೆ ಬಂದಿತ್ತು. ಒಂದು ಬಿಸಿ ಬೊಂಡ ಬಾಯಿಗೆ ತುರುಕಿಕೊಂಡು ತಪ್ಪಿಸಿಕೊಂಡೆ. ನಾಲಿಗೆ ಸುಟ್ಟಿತು. ಗೋಡೆ ಕಟ್ಟುವುದಕ್ಕಿಂತ ವಾಸಿ.

ಮೊದಲ ಹನಿಗಳು ಬೀಳುತ್ತಿದ್ದವು. ಕೂಗುತ್ತಾ ಸಾಲದ ಮನೆ ಹೊಕ್ಕಳು. ಕೂಗುತ್ತಾ ಒತ್ತೆಯ ಕೋಣೆ ಹೊಕ್ಕಳು. ನಡುವೆ ನಿಂತು ಮೂಡಲಿಗೆ ಕೂಗಿದಳು.

ಮೂಡಲ ಗೋಡೆಯಿಂದ ಓ ಬಂತು. ಪಡುವಲ ಗೋಡೆಯಿಂದ ಓ ಬಂತು. ತೆಂಕಲಿಂದ ಬಂತು, ಬಡಗಲಿಂದ ಬಂತು.

ನಾಲ್ಕು ಎಲ್ಲೆಗಳ ನಡುವೆ ಎಂದರೆ ಅದೇ ಅವಳ ಜಾಗ. ಇದರಲ್ಲಿ ಅವಳಿಗೆ ಯಾವ ಅನುಮಾನವೂ ಇರಲಿಲ್ಲ, ಎಲ್ಲೆಗಳಿಗೂ ಇರಲಿಲ್ಲ. ಬಾಗಿಲನ್ನು ನೆಟ್ಟಗೆ ನಿಲ್ಲಿಸಿದಳು. ಯಾವುದೋ ಮೂರು ಹೊಲಗಳ ಮೂರು ಎಲ್ಲೆಗಲ್ಲು ಉರುಳಿಸಿಕೊಂಡು ಒಲೆ ಹೂಡಿದಳು. ಮಡಕೆಯ ಬೂದಿ ಸರಿಸಿ ಕೆಂಡ ಸುರಿದು ಊದಿದಳು. ಹೊಗೆ ಎದ್ದಿತು. ಹೊರಗೆ ಮಳೆ ಹಿಡಿಯಿತು.

ಗೋಡೆಯ ಆಚೆಯಿಂದ ದೊಡ್ಡಕುರ್ಚಿಯವರು ಗುಮಾಸ್ತನನ್ನು ಓಡಿಸಿದರು. ಗುಮಾಸ್ತ ಹೋಗುವುದು, ಬರುವುದು. ಒತ್ತೆಯ ಕೋಣೆಯಲ್ಲಿ ಒತ್ತೆ ಇರಬೇಕು, ಸಾಲಗಾರಳು ಇರಬಾರದು ಎಂದು ಹೇಳಿಸಿದರು. ನಾನು ನನ್ನ ಜಾಗದಲ್ಲಿದ್ದೇನೆ, ಜಾಗ ಒತ್ತೆಯಲ್ಲಿದೆ ಎಂದು ಉತ್ತರ ಬಂತು. ಒಲೆ ಕಿತ್ತು ಹೊರಗೆ ಹಾಕು ಎಂದರು. ಒತ್ತೆಯ ನೆಲದ ಮೇಲೆ ಇರುವುದನ್ನು ಸಾಲ ತೀರುವವರೆಗೆ ಕದಲಿಸಬಾರದು ಎಂದು ಗುಮಾಸ್ತನೇ ಹೇಳಿದ. ಹೇಳಿ ತಲೆ ತಗ್ಗಿಸಿದ. ಕಡೆಗೆ ಗೋಡೆಯ ಆಚೆಯಿಂದ ಅವಳದೇ ದನಿ ಬಂತು.

“ಬುದ್ಧಿ, ಇಡೀ ಜಾಗ ಈಗ ನಿಮ್ ಕೈಯಾಗೇ ಅದೆ. ಕಿತ್ಕೊಂಡಂಗೇ ಆಯ್ತಲ್ಲ. ಇನ್ನು ಮಾಡು ಕೊಡ್ಬೋದಲ್ಲ?”

ದೊಡ್ಡಕುರ್ಚಿಯವರು ಕೈಯಿಂದ ಮುಖ ಮುಚ್ಚಿಕೊಂಡರು.

ಮಳೆಗಾಲವೆಲ್ಲ ಹೀಗೆ. ಬೆಳಿಗ್ಗೆ ಅವಳು ಕೂಗುವುದು, ನಾಲ್ಕು ಓ ಬರುವುದು, ಆಮೇಲೆ ಒಲೆ ಉರಿಯುವುದು, ಹೊಗೆ ಗೋಡೆ ದಾಟಿ ಸಾಲದ ಮನೆಯನ್ನೆಲ್ಲ ತುಂಬುವುದು. ದೊಡ್ಡಕುರ್ಚಿಯವರ ಕಣ್ಣಿಂದ ಧಾರಾಕಾರ ನೀರು. ಕಿಟಕಿಗೆ ಬಂದ ಬಯಲಿನವರು ಅದನ್ನು ನೋಡಿ, ಎಂಥ ಕರುಣಾಳು, ನಮ್ಮ ಕಷ್ಟ ಕೇಳುವ ಮುಂಚೆಯೇ ಅಳುತ್ತಾರೆ ಎಂದು ಕೈಮುಗಿದು ಹೋಗುತ್ತಿದ್ದರು. ಕೈಮುಗಿದದ್ದಷ್ಟೇ ಲಾಭ. ಪಡುವಲ ಮಾವನೂ ತೆಂಕಲ ಅತ್ತಿಗೆಯೂ ಒಂದೇ ಕೋಣೆಯಲ್ಲಿ ಕೂತು ಬೇಸತ್ತು ಮಾತು ಶುರು ಮಾಡಿದರು. ಮೊದಲ ಮಾತೇ ಹಲಸಿನ ಮರದ್ದು. ಗುಮಾಸ್ತನ ಕಿವಿಗೆ ಹತ್ತಿ ಬಂತು.

ಆಮೇಲೆ ಒಂದು ಬೆಳಿಗ್ಗೆ ಮೂಡಲಜ್ಜಿಗೆ ಜ್ವರ. ಕೆಮ್ಮಿ ಕೆಮ್ಮಿ ಗಂಟಲು ಕಟ್ಟಿತ್ತು. ಕೆಂಡದವಳು ಮೂಡಲಿಗೆ ಕೂಗಿದಳು. ಓ ಬರಲಿಲ್ಲ. ಅಜ್ಜಿ ಬಾಯಿ ತೆರೆದಳು, ಬರಿ ಗಾಳಿ ಬಂತು. ಓ ಬರದೆ ಒಲೆ ಹಚ್ಚುವ ಹಾಗಿಲ್ಲ. ಮಳೆ ಇನ್ನೂ ಮುಗಿದಿರಲಿಲ್ಲ. ಇವತ್ತು ಹೊಗೆ ಏಳದಿದ್ದರೆ ಇಷ್ಟು ದಿನದ ಹೊಗೆಯೂ ವ್ಯರ್ಥ, ಬೆಟ್ಟ ತನ್ನ ಜಾಗ ತಗೊಂಡುಬಿಡುತ್ತದೆ. ಅವಳು ಮತ್ತೆ ಕೂಗಿದಳು. ಮೂಡಲ ಗೋಡೆಗೆ ಬಾಯಿಟ್ಟು ಕೂಗಿದಳು.

ಆ ಗೋಡೆಯ ಆಚೆ ದೊಡ್ಡಕುರ್ಚಿಯವರು ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದರು. ಕಿತ್ತುಕೊಳ್ಳಲಾಗದ್ದಕ್ಕೆ ಎನ್ನುವಷ್ಟರಲ್ಲಿ ತಲೆಯ ಹಿಂದಿನಿಂದ ಕೂಗು. ಮತ್ತೆ ಮೊದಲಿಂದ. ಕಿತ್ತುಕೊಳ್ಳ ಎನ್ನುವಷ್ಟರಲ್ಲಿ ಕೂಗು. ಮತ್ತೆ ಮೊದಲಿಂದ. ಕಿತ್ತು ಎನ್ನುವಷ್ಟರಲ್ಲಿ ಕೂಗು. ಕಿಟಕಿಯ ಹೊರಗೆ ಸಾಲು ಬೆಳೆಯುತ್ತಿತ್ತು, ಮಂತ್ರ ಮುಗಿಯದೆ ಕಿಟಕಿ ತೆಗೆಯುವ ಹಾಗಿರಲಿಲ್ಲ.

“ಓ,” ಅಂದುಬಿಟ್ಟರು. “ಓ ಅಂದೆನಲ್ಲ. ಹಚ್ಚಮ್ಮ ಒಲೆ.”

ಗೋಡೆಯ ಆಚೆ ಅಜ್ಜಿ ಜ್ವರದಲ್ಲೇ ನಗುವುದು ಕೇಳಿಸಿತು. ಹುಟ್ಟಿದಾಗಿನಿಂದ ಬೇರೆ ಮಾತು ಆಡದ ಬಡಗಲವನು ತನ್ನ ಎರಡನೆಯ ಮಾತು ಆಡಿದ.

“ಸಿಕ್ಕ,” ಅಂದ.

ಜ್ವರ ಇಳಿದ ಮೇಲೆ ಅಜ್ಜಿ ಊರುಗೋಲು ಊರಿಕೊಂಡು ಕುರ್ಚಿಯ ಮುಂದೆ ಬಂದು ವಿವರಿಸಿದಳು. ಓಗೊಟ್ಟವನು ಎಲ್ಲೆ. ಎಲ್ಲೆಯಾದವನು ಮನೆಗೆ ತನ್ನ ಪಾಲು ಕಟ್ಟಿಕೊಡಬೇಕು. ನಾಲ್ಕು ಗೋಡೆಗೆ ನಾವು ನಾಲ್ವರಿದ್ದೇವೆ. ಐದನೆಯವನಿಗೆ ಉಳಿದದ್ದು ಮಾಡು. ದೊಡ್ಡಕುರ್ಚಿಯವರು ಕೈ ಜೋಡಿಸಿದರು. ತಾನು ಒಪ್ಪಿ ಅಂದದ್ದಲ್ಲ, ಕಿರಿಕಿರಿ ತಾಳಲಾರದೆ ಅಂದದ್ದು ಎಂದರು.

“ಎಲ್ಲಾರೂ ಹಂಗೇ ಕೂಸೆ ಓ ಅನ್ನೋದು,” ಅಂದಳು ಅಜ್ಜಿ. “ಪಿರೂತಿಯಿಂದ ಯಾರಂದಾರು?”

ಮಳೆ ನಿಂತಿತು. ಕೆಂಡದವಳು ಬಾಗಿಲನ್ನು ಕಿತ್ತು ಒರೆಸಿ ಕಿಟಕಿಯ ಮುಂದೆ ತಂದು ಒರಗಿಸಿದಳು. ತಗೊಂಡದ್ದು ಬಾಗಿಲು, ಕೊಟ್ಟದ್ದು ಬಾಗಿಲು, ಸಾಲ ತೀರಿತು. ಎಲ್ಲೆಗಳ ಮಣಿಕಟ್ಟಿನ ಚೀಟಿ ಬಿಚ್ಚಿದರು. ಅವಳು ಕೆಂಡವನ್ನು ಮಡಕೆಗೆ ತುಂಬಿಕೊಂಡಳು. ಮುಂದೆ ಅವಳು, ಹಿಂದೆ ನಾಲ್ವರು, ಬೆಟ್ಟ ಹತ್ತಿದರು. ಬೆಟ್ಟದ ಹಿರಿಯರು ಕೂತು ಯೋಚಿಸಿದರಂತೆ. ಮಳೆಗಾಲವೆಲ್ಲ ನಾಲ್ಕು ಎಲ್ಲೆಗಳ ನಡುವೆ ಹೊಗೆ ಎದ್ದಿದೆ. ಜಾಗ ಏನೋ ಕೆಲಸದ ಮೇಲೆ ಪೇಟೆಗೆ ಹೋಗಿತ್ತು, ಈಗ ಬಂದಿದೆ, ಇದರಲ್ಲಿ ತಪ್ಪೇನು ಎಂದರಂತೆ. ನಾಲ್ವರು ನಾಲ್ಕು ಗೋಡೆ ನಿಲ್ಲಿಸಿದರು.

ಗೋಡೆಯ ಮೇಲೆ ಹೆಂಚಿನ ಮಾಡು ಬಂತು. ಸಾಲವಾಗಿ ಅಲ್ಲ, ಒತ್ತೆಯಿಲ್ಲ, ಅರ್ಜಿಯಿಲ್ಲ, ಎಲ್ಲೆಯ ಪಾಲು. ಹೆಂಚು ಎಲ್ಲಿಂದ ಬಂತೆಂದು ನನ್ನನ್ನು ಕೇಳಬೇಡಿ. ಗಾಡಿ ಹೊಡೆದವನು ನಾನಲ್ಲ, ನಾನೇ ಎಂದು ಹೇಳುವವರು ಬೊಂಡದ ಬಾಕಿ ಉಳಿಸಿಕೊಂಡವರು. ಒತ್ತೆಯ ಕೋಣೆಯೊಳಗೆ ಆಮೇಲೆ ಬಿಸಿಲು ಬೀಳುತ್ತಿತ್ತು ಎಂಬುದಷ್ಟೇ ನನಗೆ ಗೊತ್ತು.

ಹೊಸ ಮನೆಯಲ್ಲಿ ಒಲೆ ಹೂಡಿ ಅವಳು ನಾಲ್ಕು ದಿಕ್ಕಿಗೆ ಕೂಗಿದಳು. ನಾಲ್ಕು ಓ ಬಂದವು. ಸ್ವಲ್ಪ ತಡೆದು, ಕೆಳಗಿನಿಂದ, ಗಾಳಿಯಲ್ಲಿ ಐದನೆಯದೊಂದು ಬಂತಂತೆ, ಸಿಡುಕಿಕೊಂಡು. ಅಷ್ಟು ದೂರ ಕೂಗು ಹೇಗೆ ಕೇಳಿಸೀತು ಎಂದು ನೀವು ಕೇಳುತ್ತೀರಿ. ನಾನು ಬೆಟ್ಟದಲ್ಲಿರಲಿಲ್ಲ. ಪೇಟೆಯಲ್ಲಿದ್ದೆ, ಕಿಟಕಿಯ ಎದುರಿಗಿದ್ದೆ. ದೊಡ್ಡಕುರ್ಚಿಯವರ ತುಟಿ ಅಲುಗಿದ್ದನ್ನು ಕಂಡೆ.

ಮಾರನೆಯ ವರ್ಷ ಮೋಡ ಕಟ್ಟುತ್ತಿರುವಾಗ ಬೆಟ್ಟದಿಂದ ಇನ್ನೊಬ್ಬ ಇಳಿದು ಬಂದ, ಜೇನಿನವನು. ಕೆಂಡದವಳ ಕೆಳಗಿನ ಜಾಗದವನು, ಅವನಿಗೂ ಮಾಡು ಬೇಕು. ಅವನನ್ನು ನೋಡುತ್ತಲೇ ದೊಡ್ಡಕುರ್ಚಿಯವರ ಕಣ್ಣಲ್ಲಿ ಹೊಗೆಯಿಲ್ಲದೆಯೇ ನೀರು ಬಂತು. ಈ ಸಲ ಅವರು ಎಲ್ಲೆ ತಾ ಎನ್ನಲಿಲ್ಲ, ಏನನ್ನೂ ಕೇಳಲಿಲ್ಲ. ಕಟ್ಟಳೆ ಹೇಳಲು ಬಾಯಿ ತೆರೆದವನು ಗುಮಾಸ್ತ: ಎಲ್ಲೆಗಳು ಒತ್ತೆಯ ಕೋಣೆಯಲ್ಲಿರಬೇಕು.

ಗೊತ್ತು, ಮೂವರು ಹೊರಗೆ ಬೊಂಡ ತಿನ್ನುತ್ತಿದ್ದಾರೆ, ಬರುತ್ತಾರೆ ಎಂದ ಜೇನಿನವನು. ಆಮೇಲೆ ಕಿಟಕಿಯೊಳಗೆ ತಲೆ ಹಾಕಿ, ತುಂಬ ಮರ್ಯಾದೆಯಿಂದ, ಮೆಲ್ಲಗೆ ಹೇಳಿದ:

“ನಾನು ಕೆಳಕ್ಕೆ ಕೂಗಿದ್ರೆ ಓ ಅನ್ನೋರು ನೀವೇ ಅಲ್ವಾ ಬುದ್ಧಿ. ಏಳಿ, ಒಳಗೆ ಕೂರಿ.”

ದೊಡ್ಡಕುರ್ಚಿಯವರು ಗುಮಾಸ್ತನ ಮುಖ ನೋಡಿದರು. ಗುಮಾಸ್ತ ಕಟ್ಟಳೆಗಳನ್ನೆಲ್ಲ ಬಾಯಲ್ಲೇ ಹೇಳಿಕೊಂಡು ಹೋಗಿ, ಕೊನೆ ಮುಟ್ಟಿ, ಏನೂ ಸಿಗದೆ, ಒಂದು ಚೀಟಿ ದಾರ ತಂದ. ಅವರು ಎದ್ದರು. ಬೇರುಗಳು ಕಿತ್ತು ಬಂದ ಸದ್ದು ಸಂತೆಮಾಳಕ್ಕೆ ಕೇಳಿಸಿತು. ಒತ್ತೆಯ ಕೋಣೆಗೆ ಹೋಗಿ ಮೂಡಲ ಗೋಡೆಗೆ ಒರಗಿ ಕೂತರು. ಅಲ್ಲಿ ಅಜ್ಜಿ ಒರಗಿ ಒರಗಿ ಗೋಡೆ ನುಣುಪಾಗಿತ್ತು. ಮೇಲೆ ಹೆಂಚಿಲ್ಲದ ಕಡೆಯಿಂದ ಮೊದಲ ಹನಿ ಅವರ ನೆತ್ತಿಗೇ ಬಿತ್ತು.

ನಾನು ಬಿಸಿ ಬೊಂಡ ತಗೊಂಡು ಹೋದೆ. ಒಂದನ್ನು ಕಚ್ಚಿದರು. ಬಹಳ ಹೊತ್ತು ಅಗಿದರು.

“ಉಪ್ಪು ಕಮ್ಮಿ,” ಅಂದರು.